ನೀಲಕ್ಕನ ಅಡುಗೆಮನೆಯ ಕಾಯ್ದೆ

ಮನೆಗೆ ಬಂದವರಿಗೆ ಎಲ್ಲರೂ ಮೊದಲು ನೀರು ಕೊಟ್ಟು ಮಾತಾಡಿಸಿದರೆ, ನಮ್ಮ ನೀಲಕ್ಕ ಅವರ ಕೈ ಹಿಡಿದು ಮೂಸಿ ನೋಡುತ್ತಿದ್ದಳು. ಬೀಗರಾಗಲಿ, ಕರೆಂಟ್ ಮೀಟರ್ ನೋಡಲು ಬಂದವನಾಗಲಿ, ಹೊಸ್ತಿಲಾಚೆಯೇ ತಡೆ. "ಶೇಂಗಾ ತಿಂದು ಬಂದೀರೇನ್ರಿ? ಅಗೋ ಅಲ್ಲಿ ನೀರೈತಿ, ಸಬಕಾರ ಐತಿ. ತೊಳಕೊಂಡು ಬರ್ರಿ." ಒಮ್ಮೆ ಪಂಚಾಯಿತಿ ಚುನಾವಣೆಗೆ ನಿಂತವರೊಬ್ಬರು ನಗುತ್ತಾ, "ನಾ ಊಟಕ್ಕ ಬಂದಿಲ್ಲವ್ವ, ಓಟ್ ಕೇಳಾಕ ಬಂದೀನಿ" ಎಂದರು. "ಓಟಿಗೂ ಕೈ ತೊಳೀಬೇಕ್ರಿ" ಎಂದಳು. ಪಾಪ, ತೊಳೆದುಕೊಂಡೇ ಒಳಗೆ ಬಂದರು.

ನೀಲಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಗೋಗಿ ಊರಿನ ನಮ್ಮ ಕೂಡುಮನೆಯ ಒಲೆ ಪೂರ್ತಿ ಅವಳದು. ನಾನು ಶಹಾಪುರದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಟಂಟಂ ಹತ್ತಿದರೆ ಮನೆ ಕಾಣುವುದು ಸಂಜೆಗೇ. ನಮ್ಮದು ಅಡುಗೆ ಮಾಡುವವರ ಜೀವ ತಿನ್ನುವ ಮನೆ. ಮಾವನಿಗೆ ಗೋಧಿ, ಬದನೆಕಾಯಿ ತಿಂದರೆ ಮೈತುಂಬ ದದ್ದು. ನೀಲಕ್ಕನ ಮಗ ಶರಣುಗೆ ಹಾಲು, ಮೊಸರು, ತುಪ್ಪ ಯಾವುದೂ ಆಗದು, ವಾಂತಿಯಾಗಿ ನೆಲ ಹಿಡಿಯುತ್ತಿದ್ದ. ನನ್ನ ಮಗಳು ಭಾಗ್ಯಳಿಗೆ ಶೇಂಗಾ ಮತ್ತು ಎಳ್ಳು. ಅವಳದು ದದ್ದು, ವಾಂತಿಯ ಮಾತಲ್ಲ. ಮೂರು ವರ್ಷದವಳಿದ್ದಾಗ ಶೇಂಗಾ ಚಟ್ನಿಯನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿದ್ದಳು, ಅಷ್ಟೇ. ತುಟಿ ಊದಿತು, ಗಂಟಲು ಕಟ್ಟಿತು, ಯಾದಗಿರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಗುರುಗಳು ನೀಲಿಯಾಗಿದ್ದವು. ಇನ್ನೊಮ್ಮೆ ಹೀಗಾದರೆ ಇಷ್ಟು ದೂರ ತರುವಷ್ಟು ಹೊತ್ತು ಸಿಗಲಿಕ್ಕಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು.

ನಮ್ಮ ಕಡೆ ಶೇಂಗಾ ಇಲ್ಲದ್ದು ಅಡುಗೆಯೇ ಅಲ್ಲ. ಪಲ್ಯಕ್ಕೆ ಶೇಂಗಾಪುಡಿ, ರೊಟ್ಟಿಗೆ ಶೇಂಗಾ ಚಟ್ನಿ, ಒಗ್ಗರಣೆಗೆ ಶೇಂಗಾ ಎಣ್ಣೆ. ನೀಲಕ್ಕ ಮರುದಿನವೇ ಡಬ್ಬಿಗಳನ್ನೆಲ್ಲ ಓಣಿಯವರಿಗೆ ಕೊಟ್ಟು ಕೈ ಝಾಡಿಸಿಕೊಂಡಳು. ಕುಸುಬಿಯನ್ನಷ್ಟೇ ಹಿಂಡುವ ಗಾಣದಿಂದ ಎಣ್ಣೆ ಬಂತು. ಪಲ್ಯಕ್ಕೆ ಅಗಸಿ ಬೀಜ ಹುರಿದು ಕುಟ್ಟಿ ಹಾಕಿದಳು. ಖಾರ ಕುಟ್ಟುವ ಮಷಿನ್ನಿಗೆ ಮೆಣಸಿನಕಾಯಿ ಕಳಿಸುವುದನ್ನು ಬಿಟ್ಟಳು. ನಮಗಿಂತ ಮುಂಚೆ ಅದರಲ್ಲಿ ಯಾರು ಎಳ್ಳು ಕುಟ್ಟಿದ್ದರೋ ಯಾರಿಗೆ ಗೊತ್ತು? ಮೂಗಿಗೆ ಸೆರಗು ಕಟ್ಟಿಕೊಂಡು ಒಳಕಲ್ಲಿನಲ್ಲಿ ತಾನೇ ಕುಟ್ಟಿದಳು. ಬಾಗಿಲು ತೆಗೆಯುವ ಮೊದಲೇ ಗಿರಣಿಗೆ ಹೋಗಿ ನಿಂತು, ಎರಡು ಸೇರು ಜೋಳವನ್ನು ಸುಮ್ಮನೆ ಬೀಸಿಸಿ, ಆ ಹಿಟ್ಟನ್ನು ಎಮ್ಮೆಗೆ ಹಾಕುತ್ತಿದ್ದಳು. ಅದರ ನಂತರ ಬಿದ್ದ ಹಿಟ್ಟಷ್ಟೇ ನಮಗೆ. "ಜ್ವಾಳ ಹಾಕಿ ಕಲ್ಲು ತೊಳಿಯಾಕಿನ್ನ ನಿನ್ನೊಬ್ಬಾಕಿನ್ನೇ ನೋಡೀನಿ" ಎಂದು ಗಿರಣಿಯವನು ಗೊಣಗಿದರೆ, "ನೋಡ್ಕೋ, ಪುಕ್ಕಟ ಐತಿ" ಎನ್ನುವಳು.

ಓಣಿಯಲ್ಲಿ ಆಕೆಗೆ ಸೊಕ್ಕಿನಾಕಿ ಎಂದು ಹೆಸರು ಬಂತು. ಹಬ್ಬಕ್ಕೆ ಯಾರಾದರೂ ಬಟ್ಟಲು ತುಂಬಿ ಕಳಿಸಿದರೆ ಬಾಗಿಲಿನಿಂದಲೇ ವಾಪಸು. ನಿಜ ಹೇಳುತ್ತೇನೆ, ನನಗೂ ಸಿಟ್ಟು ಬರುತ್ತಿತ್ತು. ನನ್ನ ಮಗಳು ಹಸಿವಾದರೆ ನನ್ನನ್ನು ದಾಟಿಕೊಂಡು ಹೋಗಿ ಅವಳ ಸೆರಗು ಜಗ್ಗುತ್ತಿದ್ದಳು. ನಾನು ತಂದ ಬಿಸ್ಕೀಟಿನ ಪುಡಿಕೆಯನ್ನು ಅವಳು ತಿರುವಿ ಮುರುವಿ ನೋಡಿ, "ಇದರಾಗೇನೈತಿ ಓದು ತಂಗಿ" ಎಂದು ನನ್ನಿಂದಲೇ ಓದಿಸುತ್ತಿದ್ದಳು. ಓದಲು ಬಾರದವಳು ಟೀಚರಿಗೆ ಪರೀಕ್ಷೆ ಮಾಡಿದ ಹಾಗೆ!

ಭಾಗ್ಯಳಿಗೆ ಆರು ವರ್ಷ. ಎಳ್ಳಮಾಸಿ ಬಂತು. ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವ ಹಬ್ಬ. ಎಲ್ಲರ ಬುತ್ತಿಯಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದ್ದೇ ಇರುತ್ತದೆ.

"ಭಾಗ್ಯ ಮನ್ಯಾಗಿರ್ಲಿ ತಂಗಿ. ಆಕಿ ಜೋಡಿ ನಾ ಕುಂದರ್ತೀನಿ" ಎಂದಳು ನೀಲಕ್ಕ.

"ನನ್ನ ಮಗಳನ್ನ ಪಂಜರದಾಗ ಇಡ್ತಿಯೇನಕ್ಕ? ಹೆತ್ತಾಕಿ ನಾನು, ನೀ ಅಲ್ಲ" ಎಂದುಬಿಟ್ಟೆ.

ನೀಲಕ್ಕ ಭಾಗ್ಯಳಿಗೆ ಬೇರೆ ಬುತ್ತಿ ಕಟ್ಟಿಕೊಂಡು ನನ್ನ ಹಿಂದೆ ನಡೆದಳು.

ಸುರಪುರದಿಂದ ನನ್ನ ಗಂಡನ ಸೋದರತ್ತೆ ಬಂದಿದ್ದರು. ಒಳ್ಳೆಯ ಜೀವ. ಹುಡುಗಿಗೆ ಏನು ತಿಂದರೆ ಆಗದು ಎಂದು ಅವರಿಗೂ ಹೇಳಿದ್ದೆವು. ಸಜ್ಜೆ ರೊಟ್ಟಿ ತಿನ್ನುತ್ತಿದ್ದವರು, ಭಾಗ್ಯ ಎದುರಿಗೆ ಬಂದಾಗ ಅದನ್ನು ಬದಿಗಿಟ್ಟು, ಅವಳ ಬುತ್ತಿಯಿಂದಲೇ ಜೋಳದ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, "ಬಾ ನನ್ನ ಬಂಗಾರ, ಅಜ್ಜಿ ಕೈತುತ್ತು ತಿನ್ನು" ಎಂದು ಬಾಯಿಗಿಟ್ಟರು. ತುತ್ತು ನಮ್ಮದೇ, ಕೈಯಲ್ಲಿ ಮಾತ್ರ ಎಳ್ಳಿತ್ತು. ಪಕ್ಕದಲ್ಲೇ ಕೂತ ನಾನು ನೋಡಿ ನಗುತ್ತಿದ್ದೆ.

ಭಾಗ್ಯ ಎರಡು ಸಲ ಕೆಮ್ಮಿದಳು. ಆಚೆ ನೀರು ತುಂಬುತ್ತಿದ್ದ ನೀಲಕ್ಕ ಕೊಡ ಎಸೆದು ಓಡಿಬಂದಳು. ನನ್ನ ಗಂಡ ಬೈಕು ಶುರು ಮಾಡುವಷ್ಟರಲ್ಲಿ ಮಗುವನ್ನು ಎದೆಗವಚಿಕೊಂಡು ಹಿಂದೆ ಕೂತಿದ್ದಳು. ಶಹಾಪುರದ ತನಕ ದಾರಿಯುದ್ದಕ್ಕೂ, "ಉಸಿರು ತೊಗೋ ನನ್ನವ್ವ... ಬಿಡು... ತೊಗೋ..." ಎಂದು ಒಂದೇ ಸಮ ಹೇಳುತ್ತಿದ್ದಳಂತೆ. ಸಿಕ್ಕ ಟಂಟಂ ಹಿಡಿದು ನಾನು ಮುಟ್ಟಿದಾಗ ಇಂಜೆಕ್ಷನ್ ಆಗಿತ್ತು, ಮೂಗಿಗೆ ಆಕ್ಸಿಜನ್ ಇತ್ತು, ಮಗಳ ಎದೆ ಏರಿ ಇಳಿಯುತ್ತಿತ್ತು. ನೀಲಕ್ಕ ಬರಿಗಾಲಲ್ಲಿ ಮಂಚದ ಕಂಬಿ ಹಿಡಿದು ನಿಂತಿದ್ದಳು. ಅವಳ ಭುಜಕ್ಕೆ ಬಿದ್ದು ಗೊಳೋ ಎಂದು ಅತ್ತುಬಿಟ್ಟೆ. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎನ್ನಿಸಿತ್ತು.

"ನಿಂದೇನು ತಪ್ಪಿಲ್ಲ ತಂಗಿ. ನಾ ಒಲಿ ಕಾಯಕೋತ ಕುಂತಿನಿ. ಕೈ ಕಾಯೋದು ಮರ್ತಿನಿ" ಎಂದಳು. ಕೈ ಮೂಸುವ ಕಾಯ್ದೆ ಜಾರಿಯಾದದ್ದು ಆ ವಾರದಿಂದ.

ಹೋದ ವರ್ಷ ಎದೆನೋವೆಂದು ನೀಲಕ್ಕನನ್ನು ಯಾದಗಿರಿಗೆ ಸೇರಿಸಿದೆವು. ನೋಡಲು ಹೋದಾಗ ಕಣ್ಣು ಬಿಟ್ಟವಳೇ ಕೇಳಿದಳು: "ಅಡಿಗಿ ಯಾರು ಮಾಡ್ಯಾರ?"

"ನಾನೇ ಮಾಡೀನಕ್ಕ."

"ಹಿಟ್ಟು?"

"ಎರಡು ಸೇರು ಎಮ್ಮಿಗಿ ಹಾಕೀನಿ."

"ಹಂಗಾದ್ರ ಚೊಲೊ ಆತು" ಎಂದು ಮಗ್ಗುಲಾದಳು. ಮರುದಿನ ಹೋಗಿಬಿಟ್ಟಳು.

ಮೂರನೆಯ ದಿನ ಹೊಲದಲ್ಲಿನ ಗೋರಿಗೆ ಎಡೆ ಇಡಬೇಕು. ಸತ್ತವರಿಗೆ ಏನು ಇಷ್ಟವೋ ಅದನ್ನೇ ಇಡುವುದು ಪದ್ಧತಿ. ಅವಳಿಗೆ ಏನು ಇಷ್ಟ ಎಂದು ನನಗೆ ಹೊಳೆಯಲೇ ಇಲ್ಲ. ವನದುರ್ಗದಿಂದ ಬಂದಿದ್ದ ಅವಳ ಅಕ್ಕ ಕಣ್ಣೊರೆಸಿಕೊಂಡು, "ನೀಲಿಗಿ ಶೇಂಗಾದ ಹೋಳ್ಗಿ ಅಂದ್ರ ಜೀವ. ಸಣ್ಣಾಕಿದ್ದಾಗ ನನ್ನ ಪಾಲಿಂದೂ ಕಸಗೊಂಡು ತಿಂತಿದ್ಲು" ಎಂದಳು. ಮನೆಯಿಂದ ಶೇಂಗಾ ಹೋದ ಮೇಲೆಯೇ ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡಿದ್ದೇವೆ. ಮದುವೆಮನೆಗಳಲ್ಲೂ ಅವಳು ಭಾಗ್ಯಳ ಬುತ್ತಿಯನ್ನೇ ಬಿಚ್ಚಿ ಉಣ್ಣುತ್ತಿದ್ದಳು. ಹೋಳಿಗೆ ಅವಳಿಗೆ ಸೇರುವುದಿಲ್ಲ ಅಂದುಕೊಂಡಿದ್ದೆ.

"ಎರಡೇ ಮಾಡ್ತೀನಿ, ಒಂದೀಟು ಶೇಂಗಾ ಹುರಕೋತೀನಿ" ಎಂದು ಆಕೆ ಎದ್ದಳು.

"ಈ ಮನ್ಯಾಗ ಶೇಂಗಾ ಹುರಿಯಂಗಿಲ್ರಿ!" ನನ್ನ ದನಿ ನನಗೇ ನೀಲಕ್ಕನದರಂತೆ ಕೇಳಿಸಿತು.

"ಸತ್ತಾಕಿ ಆಸಿಗೂ ಬ್ಯಾಡೇನು?" ಆಕೆಯೂ ಸಿಡಿದಳು. ಮನೆ ತುಂಬ ಜನ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಮೂಲೆಯಲ್ಲಿದ್ದ ಭಾಗ್ಯ ಎದ್ದು ಬಂದಳು. ಅವಳಿಗಾಗ ಹದಿನಾಲ್ಕು. "ವನದುರ್ಗದಾಗ ಮಾಡಿಕೊಂಡು ಸೀದಾ ಹೊಲಕ್ಕ ತರ್ರಿ. ದೊಡ್ಡವ್ವಗ ಇಡ್ರಿ. ನಾ ದೂರ ನಿಂದರ್ತೀನಿ."

ಹಾಗೇ ಆಯಿತು. ಗೋರಿಯ ಮೇಲೆ ಎಲೆ ಹಾಸಿ ಎರಡು ಹೋಳಿಗೆ ಇಟ್ಟರು. ಶರಣು ನೀರು ಹಾಕಿದ, ನಾನು ಹೂ ಹಾಕಿದೆ. ಭಾಗ್ಯಳಿಗೆ ಮಾತ್ರ ಹತ್ತಿರ ಬರುವ ಹಾಗಿರಲಿಲ್ಲ. ಆಚೆಯ ಹೊಲದ ಬದುವಿನ ಮೇಲೆ ಒಬ್ಬಳೇ ನಿಂತಿದ್ದಳು. ಎಲ್ಲರೂ ಕೈಮುಗಿದು ಹಿಂದೆ ಸರಿದಾಗ ಅಲ್ಲಿಂದಲೇ ದನಿ ಎತ್ತಿ ಕೂಗಿದಳು:

"ದೊಡ್ಡವ್ವಾ, ನಾ ದೂರ ಅದೀನಿ. ಅಂಜಬ್ಯಾಡ, ಹೊಟ್ಟಿ ತುಂಬ ತಿನ್ನು!"