ಚಿಕ್ಕಬೈರಪ್ಪನ ಹಾರ್ಟು, ಮುನಿಗಂಗಮ್ಮನ ಕಿಡ್ನಿ

ಅಟ್ಟೂರಿನ ಮುನಿಗಂಗಮ್ಮನಿಗೆ ದನಗಳ ಮೇಲಿದ್ದಷ್ಟು ಮರ್ಯಾದೆ ಮನುಷ್ಯರ ಮೇಲೆ ಇರಲಿಲ್ಲ. ದನ ಹೊಟ್ಟೆ ತುಂಬಿದ ಮೇಲೆ ಬಾಯಿ ಹಾಕುವುದಿಲ್ಲ, ಮೈ ಸರಿಯಿಲ್ಲದಿದ್ದರೆ ಸುಮ್ಮನೆ ಮೂಲೆಗೆ ಹೋಗಿ ನಿಲ್ಲುತ್ತದೆ, ಇಲ್ಲದ ಜಂಬ ತೋರಿಸುವುದಿಲ್ಲ ಎನ್ನುವುದು ಅವಳ ವಾದ. ಮಾಕಳಿಯ ತವರಿನಲ್ಲಿ ಕೊಟ್ಟಿಗೆ ಬಾಚಿ ಬೆಳೆದವಳು. ಮದುವೆಯಾಗಿ ಬಂದಾಗ ಗಂಡನ ಮನೆಯ ಸುತ್ತ ರಾಗಿ ಹೊಲವಿತ್ತು. ಈಗ ಹೊಲವಿದ್ದ ಕಡೆಯೆಲ್ಲ ಲೇಔಟು. ಆದರೂ ಮೂರಂತಸ್ತಿನ ಮನೆಯ ಹಿಂದೆ, ಬಾಡಿಗೆಯವರು ಬೈಕು ನಿಲ್ಲಿಸುವ ಜಾಗದ ಪಕ್ಕದಲ್ಲಿ, ಎರಡು ಹಸು ಕಟ್ಟಿಕೊಂಡಿದ್ದಳು. ಮೇಲಿನ ಮನೆಯವರು ಸಗಣಿ ವಾಸನೆ ಎಂದರೆ, "ಆಲು ಕುಡಿವಾಗ ಮೂಗು ಎಲ್ಲಿಕ್ಕಿರ್ತಾರೋ" ಎಂದು ಅವರಿಗೆ ಕೇಳುವಂತೆಯೇ ಅನ್ನುತ್ತಿದ್ದಳು.

ಅವಳ ತಿರಸ್ಕಾರದ ದೊಡ್ಡ ಪಾಲು ಗಂಡ ಚಿಕ್ಕಬೈರಪ್ಪನಿಗೆ ಮೀಸಲು. ನೇಗಿಲು ಹಿಡಿಯುತ್ತಿದ್ದ ಕಾಲದಲ್ಲಿ ಅವನು ಮಾತು ಕಡಿಮೆಯ, ಕೆಲಸ ಜಾಸ್ತಿಯ ಮನುಷ್ಯ. ಆಗ ಅವಳಿಗೆ ಅವನೆಂದರೆ ಆಸೆಯೂ ಇತ್ತು. ಜಮೀನು ಲೇಔಟಾದ ಮೇಲೆ ಅವನು ಮುಖಂಡನಾದ. ಬಿಳಿ ಪ್ಯಾಂಟು, ಬಿಳಿ ಶರ್ಟು, ಕತ್ತಿನಲ್ಲಿ ದಪ್ಪ ಸರ. ಹಬ್ಬ ಬಂತೆಂದರೆ ಸರ್ಕಲ್ಲಿನ ಫ್ಲೆಕ್ಸುಗಳಲ್ಲಿ ಕೈ ಮುಗಿದು ನಿಂತಿರುತ್ತಿದ್ದ. "ಯಾರ್ಗೆ ಮುಗೀತಾನೆ ಕೈಯ? ಓಡಾಡೋ ಬಸ್ಸಿಗಾ?" ಎಂದು ಅವಳು ಮಗ ಯಶವಂತನನ್ನು ಕೇಳುತ್ತಿದ್ದಳು. ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತಿದ್ದ ಯಶವಂತ್, ಅಪ್ಪನ ಪರವೂ ಅಮ್ಮನ ಪರವೂ ಅಲ್ಲದ ಹಾಗೆ ಮೊಬೈಲು ನೋಡುತ್ತಿದ್ದ.

ಚಿಕ್ಕಬೈರಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು. ಮಾತ್ರೆಗಳನ್ನು ಮನಸ್ಸು ಬಂದಾಗ ನುಂಗುತ್ತಿದ್ದ, ಬೇಡವೆನ್ನಿಸಿದಾಗ ಬಿಡುತ್ತಿದ್ದ. ಕೆಲವು ವರ್ಷಗಳ ಹಿಂದೆ ಯಾರದೋ ಗೃಹಪ್ರವೇಶದ ಊಟದ ಸಾಲಿನಲ್ಲೇ ಎದೆ ಹಿಡಿದುಕೊಂಡು ಕುಸಿದ. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಉಳಿಸಿದರು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ಇವನಿಗೆ ಅದೊಂದು ಪದವಿ ಸಿಕ್ಕಂತಾಯಿತು. ದೊಡ್ಡ ದೊಡ್ಡವರು ಸೇಬು ಹಿಡಿದು ಬಂದರು. ಅಲ್ಲಿಂದಾಚೆಗೆ ಯಾರು ಸಿಕ್ಕರೂ ಎದೆಯ ಮೇಲೆ ಕೈಯಿಟ್ಟು, "ನಂಗೆ ಆರ್ಟು ಕಣ್ರೀ, ಟೆನ್ಷನ್ ಕೊಡ್ಬೇಡಿ" ಎನ್ನುವುದು ಶುರುವಾಯಿತು. ಆದರೆ ಉಪ್ಪಿನಕಾಯಿ ಬಿಡಲಿಲ್ಲ, ಸಂಜೆಯ ಬೋಂಡಾ ಬಿಡಲಿಲ್ಲ. ಮೆರವಣಿಗೆಗಳಲ್ಲಿ ನಡೆದು ಮಂಡಿ ನೋವು ಬಂದಿತ್ತು. ಅದಕ್ಕೆ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತರಿಸಿಕೊಂಡು ಕಡಲೆಕಾಯಿ ತಿಂದ ಹಾಗೆ ತಿನ್ನುತ್ತಿದ್ದ.

ಮುನಿಗಂಗಮ್ಮ ಇನ್ನೊಂದನ್ನೂ ಗಮನಿಸಿದ್ದಳು. ಗಂಡ ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ನೀರು ಬಿಟ್ಟರೂ, ನೊರೆ ಹೋಗದೆ ಹಾಗೇ ನಿಂತಿರುತ್ತಿತ್ತು. ಆಗತಾನೇ ಕರೆದ ಹಾಲಿನ ನೊರೆಯ ಹಾಗೆ. ಹಸುವಿನಲ್ಲಿ ಹೀಗೇನಾದರೂ ಕಂಡಿದ್ದರೆ ಅವಳು ಅಂದೇ ದನದ ಡಾಕ್ಟರನ್ನು ಕರೆಸುತ್ತಿದ್ದಳು. ಗಂಡನಿಗೆ ಹೇಳಿದರೆ, "ಥೂ, ಅದ್ನೆಲ್ಲ ನೋಡ್ತೀಯಾ? ನಾಚ್ಕೆ ಆಗಲ್ವಾ?" ಎಂದು ಬೈದ.

ಹೀಗಿರುವಾಗ ಒಂದು ಮೆಡಿಕಲ್ ಕಾಲೇಜಿನವರು ಅಟ್ಟೂರಿಗೆ ಬಂದರು. ಊರಿನಲ್ಲಿ ಎಷ್ಟು ಜನರಿಗೆ ಗೊತ್ತಿಲ್ಲದೇ ಕಿಡ್ನಿ ಕಾಯಿಲೆ ಇದೆ, ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ, ಅಂಥವರ ಹೃದಯ ಮುಂದೆ ಏನಾಗುತ್ತದೆ ಎಂದು ವರ್ಷಗಟ್ಟಲೆ ನೋಡುವ ಅಧ್ಯಯನ ಅದು. ಮನೆ ಮನೆಗೆ ಬಂದು ಬಿಪಿ ನೋಡುತ್ತಿದ್ದರು, ರಕ್ತ ತೆಗೆಯುತ್ತಿದ್ದರು, ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಮೂತ್ರ ಕೇಳುತ್ತಿದ್ದರು. ಬೀದಿಯ ಅರ್ಧ ಜನ ಬಾಗಿಲು ಹಾಕಿಕೊಂಡರು, ಉಳಿದರ್ಧ ನಕ್ಕರು. ಇವರ ಮನೆಗೆ ಬಂದವಳು ಡಾಕ್ಟರ್ ನಯನಾ.

ಚಿಕ್ಕಬೈರಪ್ಪ ವರಾಂಡದಲ್ಲಿ ತನ್ನ ಹಿಂಬಾಲಕರ ಜೊತೆ ಕೂತಿದ್ದ. ಡಬ್ಬಿ ನೋಡಿದ್ದೇ ತಡ ಮುಖ ಸಿಂಡರಿಸಿದ.

"ನಂಗ್ ಇರೋದು ಆರ್ಟು ಕಣಮ್ಮ. ಕಿಡ್ನಿ ಎಲ್ಲ ಎಂಡ ಕುಡ್ಯೋರ್ಗೆ ಬರೋದು. ಮುಂದಿನ್ ಮನೆಗೆ ಓಗಿ."

"ಹಾರ್ಟ್ ಇರೋರೇ ಮುಖ್ಯವಾಗಿ ಮಾಡಿಸ್ಬೇಕು ಸರ್," ಎಂದಳು ನಯನಾ. "ಶುಗರ್, ಬಿಪಿ ಸೇರ್ಕೊಂಡು ಹಾರ್ಟ್‌ದೂ ಕಿಡ್ನಿದೂ ರಕ್ತನಾಳ ಹಾಳು ಮಾಡುತ್ತೆ. ಒಂದು ಕೆಟ್ರೆ ಇನ್ನೊಂದೂ ಕೆಡುತ್ತೆ. ಸುಮಾರು ಹತ್ತು ಜನದಲ್ಲಿ ಒಬ್ಬರಿಗೆ ಕಿಡ್ನಿ ತೊಂದ್ರೆ ಇರುತ್ತೆ, ಹೆಚ್ಚಿನವರಿಗೆ ಗೊತ್ತೇ ಇರಲ್ಲ. ಅವರಲ್ಲಿ ಎಷ್ಟೋ ಜನ ಡಯಾಲಿಸಿಸ್ ತನಕ ಹೋಗೋದೇ ಇಲ್ಲ. ಅದಕ್ಕೆ ಮುಂಚೆ ಹಾರ್ಟೇ ಕೈಕೊಡುತ್ತೆ."

ಹಿಂಬಾಲಕರು ಕಿಸಕ್ಕೆಂದರು. ಒಳಗಿನಿಂದ ಮುನಿಗಂಗಮ್ಮ ಬಂದಳು. ನಯನಾಳ ಕೈಯಿಂದ ಎರಡು ಡಬ್ಬಿ ತೆಗೆದುಕೊಂಡು ಒಂದನ್ನು ಗಂಡನ ಮುಂದಿನ ಟೀಪಾಯಿಯ ಮೇಲೆ ಇಟ್ಟಳು.

"ಊರ್ಗೆಲ್ಲ ಭಾಷಣ ಕೊಡೋಕೆ ನಾಚ್ಕೆ ಇಲ್ಲ. ಇಷ್ಟುದ್ದ ಡಬ್ಬಿ ಕಂಡ್ರೆ ಎದ್ರುಕೆ. ನಾನು ಓಗಿ ಬತ್ತೀನಿ. ನಂದು ಬರೋದ್ರೊಳ್ಗೆ ನಿಂದೂ ಬರ್ಬೇಕು. ಇಲ್ಲಾಂದ್ರೆ ಎದ್ರುಕೊಂಡ ಅಂತ ಇವ್ರೇ ಏಳ್ಕೊಂಡು ತಿರ್ಗ್ತಾರೆ."

ಹಿಂಬಾಲಕರ ನಗು ನಿಂತಿತು. ಚಿಕ್ಕಬೈರಪ್ಪ ಡಬ್ಬಿಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಒಳಗೆ ಹೋದ.

ಫಲಿತಾಂಶ ಹೇಳಲು ನಯನಾ ಮುಂದಿನ ವಾರ ತಾನೇ ಬಂದಳು. ಮುನಿಗಂಗಮ್ಮನಿಗೆ ಬಿಪಿ ಇತ್ತು, ಎಷ್ಟು ಕಾಲದಿಂದ ಇತ್ತೋ ಯಾರಿಗೂ ಗೊತ್ತಿರಲಿಲ್ಲ. ಮೂತ್ರದಲ್ಲಿ ಸ್ವಲ್ಪ ಪ್ರೋಟೀನು ಹೋಗುತ್ತಿತ್ತು. ಕಿಡ್ನಿ ಸೋರಲು ಈಗಷ್ಟೇ ಶುರುವಾಗಿದೆ, ಉಪ್ಪು ಕಡಿಮೆ ಮಾಡಿ ದಿನಾ ಮಾತ್ರೆ ತೆಗೆದುಕೊಂಡರೆ ಬಹಳ ವರ್ಷ ಹಾಗೇ ಇಟ್ಟುಕೊಳ್ಳಬಹುದು ಎಂದಳು ನಯನಾ. ಚಿಕ್ಕಬೈರಪ್ಪನದು ಬೇರೆ ಕಥೆ. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಲಸ ನಿಲ್ಲಿಸಿತ್ತು. ನೋವಿನ ಮಾತ್ರೆಯನ್ನು ಇವತ್ತೇ ನಿಲ್ಲಿಸಬೇಕು, ಕಿಡ್ನಿ ಡಾಕ್ಟರನ್ನು ಬೇಗ ನೋಡಬೇಕು.

"ಮಿಷನ್ ಕೆಟ್ಟಿರ್ಬೇಕು," ಎಂದ ಅವನು.

"ಮಿಷನ್ ಅಲ್ಲ, ನೀನು ಕೆಟ್ಟಿರೋದು," ಎಂದಳು ಹೆಂಡತಿ.

ಅವನಿಗೆ ಚುಚ್ಚಿದ್ದು ಕಾಯಿಲೆಯಲ್ಲ, ಆ ಕಾಯಿಲೆಯ ಹೆಸರು. ಹಾರ್ಟು ಎಂದರೆ ಜನ ಕುರ್ಚಿ ಎಳೆದು ಕೂರಿಸುತ್ತಾರೆ. ಕಿಡ್ನಿ ಎಂದರೆ ಏನೇನು ಚಟವಿತ್ತೋ ಎಂದು ನೋಡುತ್ತಾರೆ. ಅವನು ಯಾರಿಗೂ ಹೇಳಕೂಡದೆಂದು ಮನೆಯಲ್ಲಿ ಅಪ್ಪಣೆ ಮಾಡಿದ. ನೋವಿನ ಮಾತ್ರೆಯನ್ನು ಹೆಂಡತಿ ಎಸೆದರೆ ಕಾರಿನಲ್ಲಿ ಇಟ್ಟುಕೊಂಡ. ಆಮೇಲೆ ಯಾರೋ ಹೇಳಿದರೆಂದು ತುಮಕೂರು ರಸ್ತೆಯ ಕಡೆ ಗುಟ್ಟಾಗಿ ಔಷಧಿ ಕೊಡುತ್ತಿದ್ದ ಆಂಜಿನಪ್ಪ ಎಂಬುವನ ಹತ್ತಿರ ಹೋಗಿ ಕರೀ ಪುಡಿ ತಂದ. ಮುನಿಗಂಗಮ್ಮ ಪೊಟ್ಟಣವನ್ನು ಮೂಸಿ ನೋಡಿದಳು.

"ಇದ್ರಾಗೆ ಏನೈತೆ ಅಂತ ಕೇಳ್ದಾ?"

"ಅದು ಗುರುಗಳ ಗುಟ್ಟು."

"ನನ್ ಅಸೂಗೂ ನಾನು ಗುಟ್ಟಿನ್ ಬೂಸಾ ಆಕಲ್ಲ," ಎಂದು ಅದನ್ನು ಚರಂಡಿಗೆ ಸುರಿದಳು. ಅವನು ಇನ್ನೊಂದು ಪೊಟ್ಟಣ ತರಿಸಿಕೊಂಡ.

ಕೆಲವು ತಿಂಗಳಲ್ಲಿ ಅವನ ಪಾದ ಊದಿಕೊಂಡು ಚಪ್ಪಲಿ ಹಿಡಿಯದಾಯಿತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ತುಟಿ ನೀಲಿಗಟ್ಟಿದಾಗ ಯಶವಂತ್ ಎತ್ತಿ ಕಾರಿಗೆ ಹಾಕಿಕೊಂಡು ಹೆಬ್ಬಾಳಕ್ಕೆ ಓಡಿಸಿದ. "ಆರ್ಟೇ ಕಣೋ, ಆರ್ಟೇ," ಎಂದು ಚಿಕ್ಕಬೈರಪ್ಪ ದಾರಿಯುದ್ದಕ್ಕೂ ಒದರುತ್ತಿದ್ದ, ಅದರಲ್ಲೇ ಒಂದು ಸಮಾಧಾನವಿದ್ದಂತೆ.

"ಶ್ವಾಸಕೋಶದಲ್ಲಿ ನೀರು ತುಂಬಿದೆ," ಎಂದರು ಆಸ್ಪತ್ರೆಯ ಡಾಕ್ಟರು. "ಕಿಡ್ನಿ ಉಪ್ಪು, ನೀರು ಹೊರಗೆ ಹಾಕ್ತಿಲ್ಲ, ಆ ಭಾರ ಹಾರ್ಟ್ ಮೇಲೆ ಬೀಳ್ತಿದೆ. ಹಾರ್ಟ್ ಮೊದಲೇ ವೀಕು, ಅದು ಸರಿಯಾಗಿ ರಕ್ತ ಕಳಿಸ್ತಿಲ್ಲ ಅಂತ ಕಿಡ್ನಿ ಇನ್ನೂ ಸೊರಗ್ತಿದೆ. ಮುಂದೆ ಡಯಾಲಿಸಿಸ್ ಬೇಕಾಗುತ್ತೆ, ಕೈಗೆ ಈಗ್ಲೇ ಒಂದು ಸಣ್ಣ ಆಪರೇಷನ್ ಮಾಡಿ, ಸೂಜಿ ಹಾಕೋಕೆ ರಕ್ತನಾಳ ರೆಡಿ ಮಾಡ್ಕೊಳ್ಳೋಣ."

"ಇದನ್ನೇ ಆ ಉಡುಗಿ ವರಾಂಡದಲ್ಲಿ ನಿಂತ್ಕೊಂಡು ಏಳಿದ್ಲು. ಇವ್ರೆಲ್ಲ ನಕ್ರು," ಎಂದಳು ಮುನಿಗಂಗಮ್ಮ.

ನೀರು ತೆಗೆಸಿಕೊಂಡು ಮೈ ಹಗುರಾದ ಕೂಡಲೇ ಚಿಕ್ಕಬೈರಪ್ಪ ಆಪರೇಷನ್ ಬೇಡವೆಂದ. ಡಯಾಲಿಸಿಸ್ ಕೋಣೆಯ ಗಾಜಿನಾಚೆ ಅವನು ಒಮ್ಮೆ ಇಣುಕಿ ನೋಡಿದ್ದ. ಸಾಲು ಮಂಚ, ಒಂದರಲ್ಲಿ ಅಟ್ಟೂರಿನಲ್ಲೇ ಆಟೋ ಓಡಿಸುವ ಹುಡುಗ ಹುಜೈಫಾ, ಪಕ್ಕದಲ್ಲಿ ಯಾರೋ ಟೀಚರು. ಹುಜೈಫಾ ಕೈಯೆತ್ತಿ, "ಬನ್ನಿ ಅಣ್ಣ, ಏನೂ ಆಗಲ್ಲ, ಟಿವಿ ನೋಡ್ಕೊಂಡು ಮಲಗೋದು ಅಷ್ಟೇ," ಎಂದಿದ್ದ. ಅವರ ಸಾಲಿನಲ್ಲಿ ತಾನು ಮಲಗುವುದೇ? ಜನ ನೋಡಿದರೆ?

ಮುನಿಗಂಗಮ್ಮನಿಗೆ ಅಂದು ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. "ಆ ಸಾಬ್ರ ಉಡುಗ ಮಲ್ಗವ್ನೆ, ಎದ್ದು ಓಗಿ ಆಟೋ ಓಡ್ಸಿ ಎಂಡ್ರು ಮಕ್ಳನ್ನ ಸಾಕ್ತಾನೆ. ನಿಂಗೇನಪ್ಪ, ಫ್ಲೆಕ್ಸ್ ಐತಲ್ಲ, ಅದೇ ಬದ್ಕುತ್ತೆ ಬಿಡು," ಎಂದಳು. ಬೈದು ಮುಗಿಸಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಯಶವಂತ್ ಹತ್ತಿರ ಬಂದಾಗ, "ಧೂಳು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಿಕ್ಕಬೈರಪ್ಪ ಡಯಾಲಿಸಿಸ್ ತನಕ ಹೋಗಲೇ ಇಲ್ಲ. ಶೆಟ್ಟಿಹಳ್ಳಿಯಲ್ಲಿ ಒಂದು ನಾಮಕರಣಕ್ಕೆ ಹೊರಡಲು ಬಿಳಿ ಶರ್ಟು ತೊಟ್ಟು, ಗುಂಡಿ ಹಾಕುತ್ತಿದ್ದವನು ಕನ್ನಡಿಯ ಮುಂದೆಯೇ ಬಿದ್ದ. ಆಂಬುಲೆನ್ಸ್ ಬರುವಷ್ಟರಲ್ಲಿ ಎದೆಬಡಿತ ನಿಂತಿತ್ತು.

ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸು ಎದ್ದಿತು. "ಸಮಾಜಸೇವಕರು ಹೃದಯಾಘಾತದಿಂದ ನಿಧನ" ಎಂದು ಬರೆಸಿದ್ದರು. ಹೆಣ ಇಟ್ಟಲ್ಲಿಗೆ ಬಂದವರೆಲ್ಲ, ಒಳ್ಳೆ ಸಾವು, ನರಳಲಿಲ್ಲ, ಹಾರ್ಟು ತಾನೇ ಎಂದರು. ಮುನಿಗಂಗಮ್ಮ ತಲೆಯೆತ್ತಿದಳು.

"ಕಿಡ್ನಿ ಕಣ್ರಪ್ಪ. ಎಷ್ಟೋ ದಿವ್ಸದಿಂದ ಕಿಡ್ನಿ. ಆರ್ಟನ್ನ ತಿಂದಿದ್ದೂ ಅದೇ. ಏಳ್ಕೊಳ್ಳೋಕೆ ನಾಚ್ಕೊಂಡು ಓದ."

ಒಬ್ಬ ಮುಖಂಡ, ದುಃಖದಲ್ಲಿ ಏನೋ ಹೇಳುತ್ತಿದ್ದಾಳೆ ಎಂದು ಪಕ್ಕದವನಿಗೆ ಪಿಸುಗುಟ್ಟಿದ. ಆ ಮುಖಂಡನ ಕಣ್ಣಿನ ಕೆಳಗೆ ಊತವಿದ್ದುದನ್ನು ಅವಳು ನೋಡಿದಳು, ನೀನೂ ಕಿಡ್ನಿ ನೋಡಿಸ್ಕೊ ಎಂದು ಅವನಿಗೂ ಹೇಳಿದಳು. ಅವನು ಬೇಗ ಹೊರಟುಬಿಟ್ಟ.

ಮರುವರ್ಷ ನಯನಾ ಮತ್ತೆ ಬಂದಳು. ಚಿಕ್ಕಬೈರಪ್ಪನ ವಿಷಯ ಕೇಳಿ ಪಟ್ಟಿಯಲ್ಲಿ ಅವನ ಹೆಸರು ಹುಡುಕಿದಳು. "ನಿಮ್ ಲೆಕ್ಕದಾಗೆ ಅವ್ನು ಎಲ್ಲಿ ಸೇರ್ತಾನೆ? ಆರ್ಟಿಗೋ, ಕಿಡ್ನಿಗೋ?" ಎಂದು ಮುನಿಗಂಗಮ್ಮ ಕೇಳಿದಳು. ಸಾವಿನ ಕಾಗದದಲ್ಲಿ ಬರೀ ಹಾರ್ಟು ಎಂದೇ ಇರುತ್ತದೆ, ಹಾಗಾಗಿ ಕಿಡ್ನಿಯಿಂದ ಸತ್ತವರ ಲೆಕ್ಕವೇ ಸರಿಯಾಗಿ ಸಿಗುವುದಿಲ್ಲ, ಈ ಅಧ್ಯಯನ ಅದಕ್ಕೇ ಎಂದು ನಯನಾ ವಿವರಿಸಿದಳು. "ಅಂಗಾದ್ರೆ ಎರಡ್ರಲ್ಲೂ ಬರ್ಕೊ. ಇದೊಂದ್ರಲ್ಲಾದ್ರೂ ಆ ಮನುಷ್ಯ ಕೆಲ್ಸಕ್ಕೆ ಬರ್ಲಿ."

ಮುನಿಗಂಗಮ್ಮನ ಸ್ವಂತ ಕಿಡ್ನಿ ಕಳೆದ ವರ್ಷ ಇದ್ದ ಹಾಗೇ ಇತ್ತು. ಸೋರುವುದು ಕಡಿಮೆಯಾಗಿತ್ತು. ನಯನಾ ಸಂತೋಷಪಟ್ಟರೆ ಅವಳು, "ಮಾತ್ರೆ ನುಂಗೋದೇನು ಬೆಟ್ಟ ಅತ್ತೋ ಕೆಲ್ಸನಾ?" ಎಂದಳು. ಅಂದೇ ಯಶವಂತನನ್ನೂ ಎಳೆದು ಕೂರಿಸಿದಳು. ಇನ್ನೂ ನಲವತ್ತಾಗದ ಅವನಿಗೂ ಬಿಪಿ ಏರಿತ್ತು. "ಮುಂದಿನ್ ವಾರ ನೋಡೋಣಮ್ಮ" ಎಂದವನನ್ನು ಅವಳು ಅವನ ಅಪ್ಪನನ್ನು ನೋಡಿದ ಹಾಗೇ ನೋಡಿದಳು.

ಅವನು ಮಾತ್ರೆ ಶುರು ಮಾಡಿದ. ಅವಳಿಗೇನೂ ನಂಬಿಕೆಯಿಲ್ಲ. ಬೆಳಿಗ್ಗೆ ಅವಳ ಎದುರಿಗೆ ನುಂಗಿ, ಬಾಯಿ ತೆರೆದು ತೋರಿಸಿದ ಮೇಲೆಯೇ ಅವನಿಗೆ ತಿಂಡಿ.