ಕರೆಗಂಟೆ ಹಾಕಿಸಿದ ಮನೆ

ದೊಡ್ಡಬಳ್ಳಾಪುರದಲ್ಲಿ ಹನ್ನೆರಡು ಮಗ್ಗ ಓಡಿಸುತ್ತಿದ್ದ ಸೀರೆ ವ್ಯಾಪಾರಿಯೊಬ್ಬರ ಮನೆಯಲ್ಲಿ ನಾನು ಮೂರು ವರ್ಷ ಅಡುಗೆ ಕೆಲಸಕ್ಕಿದ್ದೆ. ಆಗ ನನಗೆ ಇಪ್ಪತ್ತೆರಡು. ಎಸ್ಸೆಸ್ಸೆಲ್ಸಿ ಪಾಸಾದವಳು; ಅದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಬೆಂಗಳೂರಲ್ಲಿ ಓದುತ್ತಿದ್ದ ಅವರ ಮಗ ಶನಿವಾರ ಬರುವಾಗ ಹಳೆಯ ಇಂಗ್ಲಿಷ್ ಸಿನಿಮಾಗಳ ಕ್ಯಾಸೆಟ್ ತರುತ್ತಿದ್ದ. ಎಲ್ಲ ಕಪ್ಪು-ಬಿಳುಪು, ಲಂಡನ್ನಿನ ದೊರೆಗಳ ಕಥೆ. ಮನೆಯವರು ಸೋಫಾ ಮೇಲೆ ಕೂತರೆ ನಾನು ಅಡುಗೆಮನೆ ಬಾಗಿಲಲ್ಲಿ ನೆಲದ ಮೇಲೆ. ಮಾತು ಅರ್ಥವಾಗದಿದ್ದರೂ ಆಳಿನ ಪಾತ್ರ ನನಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಒಂದು ಸಿನಿಮಾದಲ್ಲಿ ದೊರೆ ಗಂಟೆ ಬಾರಿಸಿದಾಗಲೆಲ್ಲ ಆಳು ಬಂದು ಕುರ್ಚಿಯ ಹಿಂದೆ ಮಿಸುಕದೆ ನಿಲ್ಲುತ್ತಿದ್ದ.

“ಕೆಲಸದವರು ಅಂದ್ರೆ ಹಂಗಿರ್ಬೇಕು. ಒಂದು ಎದುರು ಮಾತಿಲ್ಲ,” ಅಂದರು ಯಜಮಾನರು, ನನ್ನ ಕಡೆ ತಿರುಗಿ.

“ಬಾಗಿಲು ದಾಟಿದ ಮೇಲೆ ಆ ಆಳು ಹಲ್ಲು ಕಡಿದದ್ದು ನೋಡಿದ್ರಾ?” ಅಂದೆ. ಮಗ ನಕ್ಕ. ಯಜಮಾನರು ನಗಲಿಲ್ಲ.

ಮುಂದಿನ ವಾರ ಅಡುಗೆಮನೆ ಗೋಡೆಗೆ ಕರೆಗಂಟೆ ಬಂತು. ಸ್ವಿಚ್ಚು ಅವರ ಸೋಫಾ ಪಕ್ಕ. ಅವರು ಮೂರು ಸಲ ಒತ್ತಿದರೂ ನಾನು ಏಳಲಿಲ್ಲ. ಕೊನೆಗೆ ಅವರೇ ಎದ್ದು ಬಂದರು.

“ಕೇಳಿಸ್ಲಿಲ್ವಾ?”

“ಕೇಳಿಸ್ತು ಯಜಮಾನ್ರೇ. ನನಗೆ ಹೆಸರಿದೆ. ಕರೀರಿ, ಬರ್ತೀನಿ.”

ಎರಡು ದಿನ ಗಂಟೆ ಸುಮ್ಮನಿತ್ತು. ಮೂರನೆಯ ದಿನ ಚಿಕ್ಕಪೇಟೆಯಿಂದ ಸೀರೆ ಅಂಗಡಿಯವರು ಬಂದಿದ್ದಾಗ ಮತ್ತೆ ಸದ್ದು ಮಾಡಿತು. ಕಾಫಿ ಲೋಟಗಳು ತಟ್ಟೆಯಲ್ಲಿ ಸಿದ್ಧವಾಗಿದ್ದವು. ನಾನು ಅವರೆಕಾಯಿ ಸುಲಿಯುತ್ತಾ ಕೂತೇ ಇದ್ದೆ. ಗಂಟೆ ನಿಲ್ಲದೆ ಹೊಡೆದುಕೊಂಡಿತು. ಯಜಮಾನರ ಹೆಂಡತಿ, ನಾವು ಅಮ್ಮಾವ್ರು ಅನ್ನುತ್ತಿದ್ದವರು, ತಾವೇ ತಟ್ಟೆ ಎತ್ತಿಕೊಂಡರು. ಹೋಗುವ ಮುಂಚೆ ಮೆಲ್ಲಗೆ, “ಮೂವತ್ತು ವರ್ಷದಿಂದ ನನ್ನನ್ನೂ ‘ಏಯ್’ ಅಂತಲೇ ಕರೆಯೋದು. ನನಗೆ ಹಿಂಗೆ ಕೂತಿರೋಕೆ ಬರ್ಲಿಲ್ಲ ನೋಡು,” ಅಂದರು.

ಅಂಗಡಿಯವರು ಹೋದ ಮೇಲೆ ಯಜಮಾನರು ಬಂದು, “ನಾಳೆಯಿಂದ ಬರ್ಬೇಡ,” ಅಂದರು.

“ಬರಲ್ಲ. ಅದನ್ನೇ ನನ್ನ ಹೆಸರು ಹಿಡಿದು ಹೇಳಿ.”

ಬಾಯಿ ತೆರೆದರು. ಹೆಸರು ಬರಲಿಲ್ಲ. ಮೂರು ವರ್ಷ ಅನ್ನ ಮಾಡಿ ಬಡಿಸಿದವಳ ಹೆಸರು ಅವರಿಗೆ ಗೊತ್ತೇ ಇರಲಿಲ್ಲ. ಹೆಂಡತಿಯ ಮುಖ ನೋಡಿದರು. ಅಮ್ಮಾವ್ರಿಗೆ ಗೊತ್ತಿತ್ತು; ಹೇಳಲಿಲ್ಲ. ಸುಮ್ಮನೆ ಲೋಟ ತೊಳೆಯುತ್ತಾ ನಿಂತರು.

ನಾನು ಸೆರಗಿಗೆ ಕೈ ಒರೆಸಿಕೊಂಡೆ. ಅಲ್ಲಿಯವರೆಗೂ ಹಿತ್ತಲ ಬಾಗಿಲಲ್ಲೇ ಓಡಾಡಿದ್ದವಳು ಅವತ್ತು ನಡುಮನೆ ದಾಟಿ, ಮುಂಬಾಗಿಲಿಂದ ಹೊರಬಿದ್ದೆ. ಮನೆಯಲ್ಲಿ ಅವ್ವ ಎರಡು ದಿನ ಬೈದಳು. ಮೂರನೆಯ ದಿನ ನಮ್ಮ ಬೀದಿಯ ನೇಕಾರರ ಮನೆಗೆ ನೂಲು ಸುತ್ತುವ ಕೆಲಸಕ್ಕೆ ತಾನೇ ಕರೆದುಕೊಂಡು ಹೋದಳು.