ಉತ್ತರ ಹೇಳದ ಶನಿವಾರ

ಕುಷ್ಟಗಿಯ ಸರಕಾರಿ ಶಾಲೆಯೊಂದರಲ್ಲಿ ನಮ್ಮ ವಿಶ್ವವಿದ್ಯಾಲಯದ ಪರವಾಗಿ ನಾನು ನಡೆಸುತ್ತಿದ್ದ ಶನಿವಾರದ ಗಣಿತ ಕೂಟ ನಿಲ್ಲುತ್ತದೆಂದು ತಿಳಿದದ್ದು ಗುರುವಾರ, ಫೋನಿನಲ್ಲಿ. "ಮ್ಯಾಲಿಂದ ಹೇಳ್ಯಾರ್ರೀ ಮೇಡಂ, ಈ ವಾರಕ್ಕ ಮುಗಿಸಿಬಿಡ್ರಿ" ಎಂದರು ಕಚೇರಿಯವರು. ಹೂಂ ಎಂದೆ. ಒಲೆಯ ಮೇಲೆ ಹಾಲಿತ್ತು, ಇಳಿಸಿದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರ ದೂರು. ಅಂದು ಅದೂ ಬರಲಿಲ್ಲ.

ಶನಿವಾರ ಕೊಪ್ಪಳದಿಂದ ಎಂದಿನ ಬಸ್ಸು ಹತ್ತಿದೆ. ಕಿಟಕಿಯಾಚೆ ದಾಳಿಂಬೆ ತೋಟಗಳು ಬಂದವು, ಹೋದವು. ಮಕ್ಕಳಿಗೆ ಹೇಗೆ ಹೇಳಲಿ ಎಂದು ಯೋಚಿಸಬೇಕಿತ್ತು. ಯೋಚನೆಯೇ ಹುಟ್ಟಲಿಲ್ಲ, ಮೈಯೆಲ್ಲ ಜೋಮು ಹಿಡಿದ ಹಾಗಿತ್ತು.

ಕೂಟಕ್ಕೆ ಬರುತ್ತಿದ್ದವರು ಎಂಟು, ಒಂಬತ್ತನೆಯ ತರಗತಿಯವರು. ಶನಿವಾರದ ಶಾಲೆ ಬಿಟ್ಟ ಮೇಲೂ ತಾವಾಗಿಯೇ ಉಳಿಯುತ್ತಿದ್ದವರು. ಪರೀಕ್ಷೆ ಇಲ್ಲ, ಅಂಕ ಇಲ್ಲ. ಉತ್ತರವನ್ನು ನಾನು ಹೇಳುವುದಿಲ್ಲ, ಅವರೇ ಹುಡುಕಬೇಕು ಎಂಬುದೊಂದೇ ಕಟ್ಟಳೆ. ಮೊದಮೊದಲು "ಮೇಡಂಗ ಗೊತ್ತಿಲ್ಲ, ಅದಕ್ಕ ಹೇಳವಲ್ರು" ಎಂದು ತಮ್ಮತಮ್ಮಲ್ಲೇ ನಗುತ್ತಿದ್ದರು.

ಹಿಂದಿನ ವಾರ ವರಾಂಡದ ನೆಲದ ಮೇಲೆ ಉದ್ದಕ್ಕೆ ಆರು, ಅಡ್ಡಕ್ಕೆ ಆರು ಮನೆ ಬರೆದು, ಓರೆಯಾಗಿ ಎದುರುಬದುರಿರುವ ಎರಡು ಮೂಲೆಮನೆಗಳನ್ನು ಅಳಿಸಿದ್ದೆ. ಒಂದು ಕಡ್ಡಿಪೆಟ್ಟಿಗೆ ಅಕ್ಕಪಕ್ಕದ ಎರಡು ಮನೆಗಳನ್ನು ಮುಚ್ಚುತ್ತದೆ. ಉಳಿದ ಮನೆಗಳನ್ನೆಲ್ಲ ಹೀಗೆ ಮುಚ್ಚಲು ಆಗುತ್ತದೆಯೇ? ಇಷ್ಟೇ ಲೆಕ್ಕ. ಈ ವಾರ ಹೋದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಆಗಲೇ ಖಾಲಿ ಪೆಟ್ಟಿಗೆಗಳನ್ನು ಹರಡಿಕೊಂಡು ಕೂತಿದ್ದಳು.

"ಇದನ್ನ ವಿಚಾರ ಮಾಡಕೋಂತ ರೊಟ್ಟಿ ಸುಟ್ಟು ಕರ್ರಗ ಮಾಡಿ ಅವ್ವನ ಕಡಿಂದ ಬೈಸಿಕೊಂಡೀನ್ರಿ. ಎಷ್ಟ್ ಸಲ ಇಟ್ರೂ ಎರಡು ಮನಿ ಉಳೀತಾವ್ರಿ, ದೂರ ದೂರ. ಆಗಂಗಿಲ್ಲ ಅನಸ್ತೈತಿ. ಆದ್ರ ಯಾಕ ಆಗಂಗಿಲ್ಲ ಅನ್ನೂದು ಗೊತ್ತಾಗವಲ್ದು."

ಪೆಟ್ಟಿಗೆಗಳಿಂದ ಕಣ್ಣು ತೆಗೆಯದೆಯೇ ಅವಳು ಇಷ್ಟನ್ನೂ ಹೇಳಿದಳು. ಬೇರೆ ದಿನವಾಗಿದ್ದರೆ ನಾನು ಕುಣಿದಾಡುತ್ತಿದ್ದೆ. ಅಂದು ಎಲ್ಲರನ್ನೂ ಕೂಡಿಸಿ, ಇದೇ ಕೊನೆಯ ಕೂಟ ಎಂದುಬಿಟ್ಟೆ. ನನ್ನ ದನಿ ಬಸ್ ನಿಲ್ದಾಣದ ಮೈಕಿನಲ್ಲಿ ಬಂದಂತೆ ಕೇಳಿಸಿತು.

"ಮುಂದಿನ ಶನಿವಾರ ಸೂಟಿ ಏನ್ರಿ?" ಎಂದು ಒಬ್ಬ ಕೇಳಿದ.

"ಸೂಟಿ ಅಲ್ಲಪಾ. ಇನ್ನ ನಾ ಬರಂಗಿಲ್ಲ."

ಮಕ್ಕಳನ್ನು ಬರಿಗೈಯಲ್ಲಿ ಕಳಿಸಬಾರದು ಎನ್ನಿಸಿ ಬ್ಯಾಗಿನಿಂದ ಬಣ್ಣದ ಸೀಮೆಸುಣ್ಣ ತೆಗೆದೆ. ಒಂದು ಬಿಟ್ಟು ಒಂದು ಮನೆಗೆ ಬಣ್ಣ ತುಂಬಿದರೆ ಸಾಕು, ಯಾಕೆ ಆಗುವುದಿಲ್ಲವೆಂದು ಕಣ್ಣಿಗೇ ಕಾಣುತ್ತದೆ. "ಬರ್ರಿ, ಇವತ್ತ ಉತ್ತರ ಹೇಳಿಬಿಡ್ತೀನಿ" ಎಂದು ಬಗ್ಗಿದೆ.

ಹುಡುಗಿ ಎರಡೂ ಅಂಗೈಗಳನ್ನು ಮನೆಗಳ ಮೇಲೆ ಊರಿದಳು.

"ಬ್ಯಾಡ್ರಿ ಮೇಡಂ."

"ನಾ ಬರಂಗಿಲ್ಲವ್ವಾ. ಆಮ್ಯಾಲ ನಿನಗ ಯಾರು ಹೇಳ್ತಾರ?"

"ಯಾರೂ ಹೇಳೂದು ಬ್ಯಾಡ್ರಿ. ನೀವು ಈಗ ಹೇಳಿದ್ರ ಇದೂ ಇವತ್ತ ಮುಗದು ಹೋಗತೈತಿ."

ಅವಳು ತಲೆ ಎತ್ತಲಿಲ್ಲ. ನಾನು ಉತ್ತರ ಹೇಳಲಿಲ್ಲ. ಸೀಮೆಸುಣ್ಣ ಹಿಡಿದುಕೊಂಡೇ ಅವಳ ಪಕ್ಕ ನೆಲದ ಮೇಲೆ ಕೂತೆ. ಕೂಟ ನಿಂತದ್ದಕ್ಕೆ ನನಗೆ ಆಗ ನೋವಾಯಿತು.